ದೂರದ ಗುಮಾಸ್ತ

ಚಾಕಣದ ಪೇಟೆಯಲ್ಲಿ ಅಂಗಡಿ ತೆರೆದ ನಮ್ಮವರಿಗೆ ‘ಗುಮಾಸ್ತಾ ಲೈಸೆನ್ಸು’ ಎಂಬ ಮಾತು ಹೊಸದಲ್ಲ. 1948ರ ಮುಂಬಯಿ ಅಂಗಡಿ ಕಾಯಿದೆಯ ನೋಂದಣಿಗೆ ಜನರಿಟ್ಟ ಹೆಸರದು. ಆ ಕಾಯಿದೆಯ ಜಾಗಕ್ಕೆ 2017ರ ಕಾಯಿದೆ ಬಂದರೂ ಹೆಸರು ಮಾತ್ರ ಉಳಿದಿದೆ.

ಗುಮಾಸ್ತ ಎಂಬುದು ಪಾರಸಿಯಿಂದ ಬಂದ ಶಬ್ದ, ನೇಮಿಸಲ್ಪಟ್ಟವನು ಎಂದರ್ಥ. ನಮ್ಮಂಥ ಕಚೇರಿಯ ಕಾರಕೂನರಿಗೆ ಅದು ಅಂಟಿಕೊಂಡಿತಾದರೂ, ಹಿಂದೆ ಗುಮಾಸ್ತನೆಂದರೆ ಧಣಿಯ ಪರವಾಗಿ ಪರವೂರಲ್ಲಿ ವ್ಯವಹಾರ ನೋಡುವವನೂ ಹೌದು. 18ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತರು ಬಂಗಾಲದ ನೇಕಾರರಿಗೆ ಮುಂಗಡ ಕೊಟ್ಟು ಬಟ್ಟೆ ಪಡೆಯುತ್ತಿದ್ದರು. ಕಂಪನಿಯ ಹೆಸರಿನಲ್ಲಿ ಅವರು ನಡೆಸಿದ ದಬ್ಬಾಳಿಕೆಗೆ ನೇಕಾರರು ನಲುಗಿಹೋದರು. ಅಧಿಕಾರವನ್ನು ಪರರ ಕೈಗಿತ್ತು ಲೆಕ್ಕ ಕೇಳದಿದ್ದರೆ ಆಗುವುದು ಇದೇ ಅಲ್ಲವೇ?

ಮುಂದೆ ಗುಮಾಸ್ತ ಅಂಗಡಿಯ ಗಾದಿಯ ಪಕ್ಕದಲ್ಲೇ ಕುಳಿತು ಕೀರ್ದಿ, ಖಾತೆ ಬರೆದ. 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಲಿ ಸಂಸ್ಥೆ ಆ ಖಾತೆಯನ್ನು ಗಣಕಯಂತ್ರಕ್ಕೇರಿಸಿತು. ಇಂಟರ್‌ನೆಟ್ ಬಂದ ಮೇಲೆ ಗುಮಾಸ್ತ ಮತ್ತೆ ದೂರ ಸರಿದ. ಈಗ ಅವನ ಹೆಸರು ‘ವರ್ಚುವಲ್ ಅಸಿಸ್ಟೆಂಟ್’. ಚಾಕಣದ ಸಣ್ಣ ವರ್ಕ್‌ಶಾಪಿನ ಬಿಲ್ಲು, ಕೊಟೇಶನ್, ಪತ್ರವ್ಯವಹಾರಗಳನ್ನು ಹುಬ್ಬಳ್ಳಿಯಲ್ಲಿ ಕುಳಿತವರೂ ನೋಡಿಕೊಳ್ಳಬಹುದು. ಸಂಬಳದಾಳನ್ನು ಇಡಲಾಗದವರಿಗೆ ಇದು ದೊಡ್ಡ ಆಸರೆ.

ಆದರೆ ಹೊಣೆ ದೂರ ಸರಿಯುವುದಿಲ್ಲ. 2017ರ ಜಿಎಸ್‌ಟಿ ಕಾಯಿದೆಯ 48ನೆಯ ಕಲಮಿನಂತೆ, ರಿಟರ್ನನ್ನು ಜಿಎಸ್‌ಟಿ ಪ್ರ್ಯಾಕ್ಟಿಷನರ್ ಸಲ್ಲಿಸಿದರೂ ಅದರ ಸರಿತಪ್ಪಿಗೆ ನೋಂದಾಯಿತ ವ್ಯಾಪಾರಿಯೇ ಜವಾಬ್ದಾರ. ಆದುದರಿಂದ ಕೆಲಸ ಯಾರೇ ಮಾಡಲಿ, ಕಳುಹಿಸುವ ಮೊದಲು ಒಮ್ಮೆ ಓದಿ ನೋಡೋಣ. ಬ್ಯಾಂಕಿನ ಗುಪ್ತಸಂಖ್ಯೆಯನ್ನು ನಮ್ಮಲ್ಲೇ ಇಟ್ಟುಕೊಳ್ಳೋಣ.