ಲಿಪಿಕರನ ದೋಷ ಮತ್ತು ಸ್ಮೃತಿಯ ಅಭಾವ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದುದು ವಿದಿತವೇ ಇದೆ. ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿಯೂ, ‘ಲಿಪಿಕರ’ನೆಂಬ ತನ್ನ ವೃತ್ತಿಯನ್ನು ಖರೋಷ್ಠಿಯಲ್ಲಿಯೂ ನಮೂದಿಸಿದ್ದಾನೆ. ಲಿಪಿಕರನ ಹೊಣೆಯನ್ನು ಅಶೋಕನು ಬೇರೊಂದೆಡೆ ಪ್ರಸ್ತಾಪಿಸಿರುವುದೂ ಉಂಟು. ಗಿರ್ನಾರ್ ಮೊದಲಾದ ಸ್ಥಳಗಳಲ್ಲಿ ದೊರೆತಿರುವ ಹದಿನಾಲ್ಕನೆಯ ಶಿಲಾಶಾಸನದಲ್ಲಿ, ಸ್ಥಳದ ಕಾರಣದಿಂದಲೋ ಲಿಪಿಕರನ ದೋಷದಿಂದಲೋ ಕೆಲವು ಬರೆಹಗಳು ಅಪೂರ್ಣವಾಗಿರಬಹುದೆಂದು ಆತನೇ ಒಪ್ಪಿಕೊಂಡಿದ್ದಾನೆ.

ಕೊರತೆಯನ್ನು ಮರೆಮಾಚದೆ ತಿಳಿಸುವ ಈ ಕ್ರಮವು ನಮ್ಮ ಕಾಲದ ಕಂಪ್ಯೂಟರಿಗೂ ಅವಶ್ಯಕ. ಭಾಷೆಯೊಂದರ ಆದೇಶಗಳನ್ನು ಓದಿ ನಡೆಸುವ ‘ಇಂಟರ್‌ಪ್ರಿಟರ್’ ತನ್ನ ಕೆಲಸಕ್ಕಾಗಿ ಯಂತ್ರದ ಸ್ಮೃತಿಯಲ್ಲಿ ಮೇಲಿಂದ ಮೇಲೆ ಸ್ಥಳವನ್ನು ಬೇಡುತ್ತದೆ. ಸ್ಥಳವು ಮುಗಿದಾಗ ಏನು ಮಾಡತಕ್ಕದ್ದು? ಜಾನ್ ಮೆಕಾರ್ಥಿಯವರು ಲಿಸ್ಪ್ ಭಾಷೆಯನ್ನು ಕುರಿತು 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬಳಕೆ ತೀರಿದ ಸ್ಥಳವನ್ನು ಮರಳಿ ಪಡೆಯುವ ಮಾರ್ಗವನ್ನು ವಿವರಿಸಿದರು. ಆದರೆ ಮರಳಿ ಪಡೆಯಲು ಏನೂ ಇಲ್ಲದ ಸಂದರ್ಭವೂ ಒದಗಬಹುದು.

ಅಂತಹ ಸಂದರ್ಭವು ವಿರಳವಾದುದರಿಂದ ಅದನ್ನು ಕೃತಕವಾಗಿ ಉಂಟುಮಾಡಿ ಪರೀಕ್ಷಿಸಬೇಕಾಗುತ್ತದೆ. ಚಳ್ಳಕೆರೆಯ ಬಯಲಿನಲ್ಲಿ 2016ರಲ್ಲಿ ರುಸ್ತುಂ-2 ಎಂಬ ಮಾನವರಹಿತ ವಿಮಾನವನ್ನು ಹಾರಿಸಿ ಪರೀಕ್ಷಿಸಿದುದನ್ನು ವಿದ್ಯಾರ್ಥಿಗಳು ಬಲ್ಲರು. ಇಂಟರ್‌ಪ್ರಿಟರಿನ ಪರೀಕ್ಷೆಗೆ ಬಯಲು ಬೇಕಿಲ್ಲ, ತಾಳ್ಮೆ ಬೇಕು. 2014ರಲ್ಲಿ ಹೊರಬಂದ ಪೈಥಾನ್ 3.4ರಲ್ಲಿ, ಸ್ಮೃತಿಯನ್ನು ಹಂಚುವ ಭಾಗವನ್ನೇ ಬದಲಿಸಲು ಅವಕಾಶ ದೊರೆಯಿತು. ಪರೀಕ್ಷಕನು ಒಂದೇ ಕಾರ್ಯವನ್ನು ಮತ್ತೆ ಮತ್ತೆ ನಡೆಸುತ್ತ, ಮೊದಲ ಸಲ ಒಂದನೆಯ ಬೇಡಿಕೆಯನ್ನು ನಿರಾಕರಿಸುತ್ತಾನೆ. ಮರುಸಲ ಎರಡನೆಯದನ್ನು, ಅನಂತರ ಮೂರನೆಯದನ್ನು. ಹೀಗೆ ನಿರಾಕರಿಸಲು ಬೇಡಿಕೆಯೇ ಉಳಿಯದವರೆಗೆ. ಪ್ರತಿ ಸಲವೂ ಮೂರು ಅಂಶಗಳು ಪರಿಶೀಲನಾರ್ಹ: ಅಭಾವವು ವರದಿಯಾಯಿತೆ? ಹಿಂದಿನ ಮಾಹಿತಿಯು ಕೆಡದೆ ಉಳಿಯಿತೆ? ಅದುವರೆಗೆ ಪಡೆದ ಸ್ಥಳವು ಹಿಂತಿರುಗಿತೆ? ಅಭಾವವನ್ನು ವರದಿ ಮಾಡುವುದಕ್ಕೂ ಸ್ಥಳವು ಬೇಕಷ್ಟೆ. ಆದಕಾರಣ ಪೈಥಾನ್ ಅದಕ್ಕೆ ಬೇಕಾದಷ್ಟನ್ನು ಮೊದಲೇ ಕಾದಿರಿಸಿಕೊಳ್ಳುತ್ತದೆ.

ಶಾಸನಪಾಠಗಳು ಕಂಪ್ಯೂಟರುಗಳಲ್ಲಿ ಸಂಗ್ರಹವಾಗುತ್ತಿರುವಾಗ ಈ ವಿಷಯವು ಇತಿಹಾಸಕಾರನಿಗೆ ಹೊರತಾದುದಲ್ಲ. ಬಂಡೆಯು ಸೀಳಿ ಅಕ್ಷರಗಳು ಅಳಿದಲ್ಲಿ ತ್ರುಟಿಯು ಕಣ್ಣಿಗೆ ಕಾಣುತ್ತದೆ. ನಾವು ಚುಕ್ಕಿಗಳನ್ನಿಟ್ಟು ಅದನ್ನು ಸೂಚಿಸುತ್ತೇವೆ. ಸ್ಮೃತಿಯ ಅಭಾವದಿಂದ ಸದ್ದಿಲ್ಲದೆ ಪಂಕ್ತಿಗಳು ಬಿಟ್ಟುಹೋದ ಪಾಠವಾದರೋ ಪೂರ್ಣವೆಂಬಂತೆಯೇ ತೋರುತ್ತದೆ. ಅದನ್ನು ನಂಬಿ ಕಟ್ಟಿದ ನಿರ್ಣಯಗಳೂ ದೋಷಯುಕ್ತವಾಗುವುವು. ಆದುದರಿಂದ ಇಂತಹ ಪರೀಕ್ಷೆಯನ್ನು ಪಾಠಪರಿಶೋಧನೆಯ ಒಂದು ಅಂಗವೆಂದೇ ನಾವು ಎಣಿಸಬೇಕಾಗಿದೆ.