ಕಲಿಂಗಜಿನನ ನಾಡು

ಪೂರ್ವ ಸಮುದ್ರತೀರದ ಒಡಿಶಾ ರಾಜ್ಯದ ಹೆಸರು ಕೇಳಿದೊಡನೆ ಯಾತ್ರಿಕರ ಮನಸ್ಸು ಪುರಿಯ ಜಗನ್ನಾಥನ ರಥದ ಕಡೆಗೆ, ಕೋಣಾರ್ಕದ ಕಲ್ಲಿನ ಚಕ್ರಗಳ ಕಡೆಗೆ ಹರಿಯುವುದು ಸಹಜ. ಇತಿಹಾಸ ಓದಿದವರಿಗೆ ಅಶೋಕನ ಕಲಿಂಗ ಯುದ್ಧವು ನೆನಪಾಗುತ್ತದೆ. ಆದರೆ ಶ್ರಾವಕರು ಆ ನಾಡಿನ ಚರಿತ್ರೆಯಲ್ಲಿ ಮೊದಲು ಅರಿಯಬೇಕಾದುದು ಒಂದು ಜಿನಬಿಂಬದ ವೃತ್ತಾಂತವನ್ನು. ಮಗಧದ ನಂದರಾಜನು ಕಲಿಂಗವನ್ನು ಗೆದ್ದಾಗ ಹೊತ್ತುಕೊಂಡು ಹೋಗಿದ್ದ ಆ ಬಿಂಬವನ್ನು ಬಹುಕಾಲದ ಮೇಲೆ ಕಲಿಂಗದ ಅರಸನೊಬ್ಬನು ಮಗಧವನ್ನು ಮಣಿಸಿ ಮರಳಿ ತಂದನು. ಆತನೇ ಮಹಾಮೇಘವಾಹನ ವಂಶದ ಖಾರವೇಲ.

ಒಡಿಶಾದ ರಾಜಧಾನಿಯಾದ ಭುವನೇಶ್ವರದ ಪಶ್ಚಿಮ ಭಾಗದಲ್ಲಿ ಎದುರುಬದುರಾಗಿ ಎರಡು ಗುಡ್ಡಗಳಿವೆ. ನಡುವೆ ರಸ್ತೆ ಹಾದುಹೋಗಿದೆ. ಒಂದು ಉದಯಗಿರಿ, ಇನ್ನೊಂದು ಖಂಡಗಿರಿ. ಉದಯಗಿರಿಯಲ್ಲಿ 18, ಖಂಡಗಿರಿಯಲ್ಲಿ 15 ಗುಹೆಗಳನ್ನು ಎಣಿಸುತ್ತಾರೆ. ಪ್ರಾಚೀನರು ಉದಯಗಿರಿಯನ್ನು ಕುಮಾರಿ ಪರ್ವತವೆಂದು ಕರೆಯುತ್ತಿದ್ದರು. ದಿಗಂಬರ ಸಂಪ್ರದಾಯದಲ್ಲಿ ಇದು ಸಿದ್ಧಕ್ಷೇತ್ರ. ಉದಯಗಿರಿಯ ಹಾಥಿಗುಂಫಾ ಎಂಬ ದೊಡ್ಡ ಗುಹೆಯ ಹಣೆಯ ಮೇಲೆ, ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ, 17 ಸಾಲುಗಳ ಶಾಸನವೊಂದು ಕೆತ್ತಲ್ಪಟ್ಟಿದೆ. ಅದರ ಆರಂಭದಲ್ಲಿರುವುದು ಅರ್ಹಂತರಿಗೂ ಸರ್ವ ಸಿದ್ಧರಿಗೂ ನಮಸ್ಕಾರ. ನಿತ್ಯವೂ ಪಂಚನಮಸ್ಕಾರವನ್ನು ಪಠಿಸುವವರಿಗೆ ಇದರ ಅರ್ಥ ಹೇಳಲು ಪಂಡಿತರು ಬೇಕಾಗಿಲ್ಲ.

ಈ ಶಾಸನದ ವೈಶಿಷ್ಟ್ಯವು ಅದರ ಕ್ರಮದಲ್ಲಿದೆ. ಬಹುತೇಕ ರಾಜಪ್ರಶಸ್ತಿಗಳು ಹೊಗಳಿಕೆಯ ಮಾತುಗಳಿಂದ ತುಂಬಿರುತ್ತವೆ. ಇದಾದರೋ ಅಂಗಡಿಯ ಖಾತೆಯಂತೆ ವರ್ಷವಾರು ಬರೆದ ಬರಹ. ರಾಜಕುಮಾರನು 15 ವರ್ಷ ಬಾಲಕ್ರೀಡೆಯಲ್ಲಿ ಕಳೆದನು. ಲೇಖ, ರೂಪ, ಗಣನ, ವ್ಯವಹಾರ, ವಿಧಿಗಳಲ್ಲಿ ಪರಿಣತನಾದನು. 9 ವರ್ಷ ಯುವರಾಜನಾಗಿದ್ದು 24ನೆಯ ವಯಸ್ಸಿನಲ್ಲಿ ಪಟ್ಟವೇರಿದನು. ಇಲ್ಲಿ ರೂಪವೆಂದರೆ ನಾಣ್ಯಶಾಸ್ತ್ರ, ಗಣನವೆಂದರೆ ಲೆಕ್ಕ, ವ್ಯವಹಾರವೆಂದರೆ ನ್ಯಾಯದ ತಿಳಿವಳಿಕೆ. ಅರಸುಮಗನಿಗೂ ಆ ಕಾಲದಲ್ಲಿ ಲೆಕ್ಕ ಕಲಿಸುತ್ತಿದ್ದರೆಂಬುದು ವರ್ತಕ ಬಾಂಧವರಿಗೆ ಸಂತೋಷ ತರುವ ಸಂಗತಿ.

ಪಟ್ಟಕ್ಕೆ ಬಂದ ಮೊದಲ ವರ್ಷದಲ್ಲಿ ಆತನು ಮಾಡಿದ್ದು ದಂಡಯಾತ್ರೆಯಲ್ಲ. ಬಿರುಗಾಳಿಗೆ ಸಿಕ್ಕಿ ಹಾಳಾಗಿದ್ದ ಕಲಿಂಗನಗರದ ಬಾಗಿಲು, ಕೋಟೆ, ಮನೆಗಳನ್ನು ದುರಸ್ತಿ ಮಾಡಿಸಿದನು. ಕೆರೆ, ತೋಟಗಳನ್ನು ಸರಿಪಡಿಸಿದನು. ಆ ಸಂದರ್ಭದಲ್ಲಿ 35 ಲಕ್ಷವೆಂಬ ಸಂಖ್ಯೆ ಬರುತ್ತದೆ. ಅದು ಖರ್ಚಿನ ಮೊತ್ತವೆಂದು ಕೆಲವರೂ, ಪ್ರಜೆಗಳ ಸಂಖ್ಯೆಯೆಂದು ಇನ್ನು ಕೆಲವರೂ ಅರ್ಥ ಮಾಡುತ್ತಾರೆ. ಎರಡನೆಯ ವರ್ಷ ಸಾತಕರ್ಣಿಯನ್ನು ಲೆಕ್ಕಿಸದೆ ಪಶ್ಚಿಮಕ್ಕೆ ಸೈನ್ಯ ಕಳುಹಿಸಿದನು. ಆ ಸೈನ್ಯವು ಮುಟ್ಟಿದ ಕಣ್ಹಬೆಂಣಾ ನದಿಯು ನಮ್ಮ ಕೃಷ್ಣೆಯೇ ಎಂದು ಕೆಲವು ವಿದ್ವಾಂಸರ ಮತ. ಮೂರನೆಯ ವರ್ಷ ನಗರದ ಜನರಿಗೆ ನೃತ್ಯ, ಗೀತ, ವಾದ್ಯಗಳ ಉತ್ಸವ. ಐದನೆಯ ವರ್ಷ ನಂದರಾಜನು ತೋಡಿಸಿದ್ದ ಹಳೆಯ ಕಾಲುವೆಯನ್ನು ರಾಜಧಾನಿಯವರೆಗೆ ತರಿಸಿದನು. ಬಿಂಬವನ್ನು ಒಯ್ದ ವೈರಿಯ ಕಾಲುವೆಯಾದರೂ ಪ್ರಜೆಗಳಿಗೆ ಉಪಯುಕ್ತವೆಂದು ಉಳಿಸಿಕೊಂಡುದು ದೊಡ್ಡತನವೇ ಸರಿ. ಆರನೆಯ ವರ್ಷದಲ್ಲಿ ಪೌರ ಜಾನಪದರಿಗೆ ತೆರಿಗೆಯ ವಿನಾಯಿತಿ.

ಹನ್ನೆರಡನೆಯ ವರ್ಷದ ಬರಹವೇ ಶಾಸನದ ಪ್ರಾಣ. ಖಾರವೇಲನ ಆನೆಗಳು ಗಂಗೆಯ ನೀರು ಕುಡಿದವು. ಮಗಧರಾಜ ಬಹಸತಿಮಿತನು ಪಾದಕ್ಕೆರಗಿದನು. ನಂದರಾಜನು ಒಯ್ದಿದ್ದ ಕಲಿಂಗಜಿನನು ಅಂಗ ಮಗಧಗಳ ಸಂಪತ್ತಿನೊಡನೆ ಸ್ವಸ್ಥಾನಕ್ಕೆ ಮರಳಿದನು. ಯಾವ ತೀರ್ಥಂಕರರ ಬಿಂಬವೆಂದು ಶಾಸನ ಹೇಳುವುದಿಲ್ಲ. ಕಲಿಂಗಜಿನ ಎಂಬ ಒಂದೇ ಮಾತು ಆಗಿನ ಜನರಿಗೆ ಸಾಕಾಗಿದ್ದಿರಬೇಕು. ನಂದರ ಕಾಲಕ್ಕಾಗಲೇ, ಅಂದರೆ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ, ಜಿನಬಿಂಬದ ಆರಾಧನೆ ಇತ್ತೆಂಬುದಕ್ಕೆ ಇದನ್ನು ಆಧಾರವಾಗಿ ವಿದ್ವಾಂಸರು ಉದಾಹರಿಸುತ್ತಾರೆ. ಖಾರವೇಲನ ಕಾಲವನ್ನು ಕ್ರಿಸ್ತಪೂರ್ವ ಎರಡನೆಯ ಶತಮಾನಕ್ಕೆ ಕೆಲವರೂ, ಮೊದಲನೆಯ ಶತಮಾನಕ್ಕೆ ಹಲವರೂ ಹಾಕುತ್ತಾರೆ. ಹದಿಮೂರನೆಯ ವರ್ಷದಲ್ಲಿ ಕುಮಾರಿ ಪರ್ವತದ ಮೇಲೆ ಮುನಿಗಳಿಗಾಗಿ ಗುಹೆಗಳನ್ನು ತೋಡಿಸಿದ ಈ ಅರಸನು ಸರ್ವ ಪಂಥಗಳನ್ನು ಪೂಜಿಸಿದವನು, ಸರ್ವ ದೇವಾಲಯಗಳ ಜೀರ್ಣೋದ್ಧಾರ ಮಾಡಿಸಿದವನು ಎಂದು ಶಾಸನವು ಮುಗಿಯುತ್ತದೆ.

ಇಂತಹ ಅರಸನ ಹೆಸರು ಲೋಕಕ್ಕೆ ಮರೆತೇ ಹೋಗಿತ್ತು. ಪುರಾಣಗಳ ರಾಜಾವಳಿಗಳಲ್ಲಿಯೂ ಅದು ದೊರೆಯದು. 1820ರಲ್ಲಿ ಸ್ಟರ್ಲಿಂಗ್ ಎಂಬ ಆಂಗ್ಲ ಅಧಿಕಾರಿ ಶಾಸನವನ್ನು ಕಂಡನು. 1837ರಲ್ಲಿ ಪ್ರಿನ್ಸೆಪ್ ಅದನ್ನು ಓದಲು ಯತ್ನಿಸಿದನು. 1885ರಲ್ಲಿ ಪ್ರಕಟವಾದ ಭಗವಾನ್‌ಲಾಲ್ ಇಂದ್ರಜಿಯವರ ಪಾಠದಿಂದ ಖಾರವೇಲನ ಹೆಸರು ಬೆಳಕಿಗೆ ಬಂದಿತು. ಬಳಿಕ ಜಯಸ್ವಾಲ್ ಮತ್ತು ಬ್ಯಾನರ್ಜಿಯವರು ವರ್ಷಗಟ್ಟಲೆ ಶ್ರಮಿಸಿದರು. ಮಳೆ ಗಾಳಿಗೆ ಸವೆದ ಕಲ್ಲಿನಲ್ಲಿ ಹಲವು ಅಕ್ಷರಗಳು ಅಳಿಸಿರುವುದರಿಂದ ವಿವಾದಗಳು ಉಳಿದೇ ಇವೆ.

ಉದಯಗಿರಿಯ ರಾಣಿಗುಂಫಾ ಎರಡು ಅಂತಸ್ತಿನದು. ಅಲ್ಲಿಯ ನೃತ್ಯದ ಶಿಲ್ಪಪಟ್ಟಿಕೆಯನ್ನು ಒಡಿಸ್ಸಿ ನೃತ್ಯದ ಪ್ರಾಚೀನತೆಗೆ ಸಾಕ್ಷಿಯೆಂದು ಕಲಾವಿದರು ತೋರಿಸುತ್ತಾರೆ. ಬಾಘಗುಂಫಾವನ್ನು ಬಾಯ್ತೆರೆದ ಹುಲಿಯ ಮುಖದಂತೆ ಕೊರೆದಿದ್ದಾರೆ. ಮಂಚಪುರಿ ಗುಹೆಯ ಮೇಲಂತಸ್ತಿನಲ್ಲಿ ಖಾರವೇಲನ ಪಟ್ಟದ ರಾಣಿಯು ಕಲಿಂಗದ ಶ್ರಮಣರಿಗಾಗಿ ಮಾಡಿಸಿದ ದಾನದ ಶಾಸನವಿದೆ.

ಖಾರವೇಲನ ಬಳಿಕ ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಅದೇ ಪರ್ವತದಲ್ಲಿ ಮತ್ತೆ ಉಳಿಯ ಸದ್ದು ಕೇಳಿಸಿತು. ಹನ್ನೊಂದನೆಯ ಶತಮಾನದ ಸೋಮವಂಶಿ ಅರಸ ಉದ್ಯೋತಕೇಸರಿ ಶೈವ ಮನೆತನದವನು. ಆದರೂ ಆತನ ಆಳ್ವಿಕೆಯ ಐದನೆಯ ವರ್ಷದಲ್ಲಿ ಇಲ್ಲಿಯ ಜೀರ್ಣವಾದ ಬಾವಿಗಳನ್ನೂ ದೇವಾಲಯಗಳನ್ನೂ ಸರಿಪಡಿಸಿ, ಇಪ್ಪತ್ತನಾಲ್ಕು ತೀರ್ಥಂಕರರನ್ನು ಸ್ಥಾಪಿಸಿದರೆಂದು ಖಂಡಗಿರಿಯ ಶಾಸನವೊಂದು ಹೇಳುತ್ತದೆ. ಹದಿನೆಂಟನೆಯ ವರ್ಷದ ನವಮುನಿ ಗುಹೆಯ ಶಾಸನದಲ್ಲಿ ದೇಶೀಗಣದ ಆಚಾರ್ಯ ಕುಲಚಂದ್ರರ ಮತ್ತು ಅವರ ಶಿಷ್ಯ ಶುಭಚಂದ್ರರ ಹೆಸರುಗಳಿವೆ. ಶ್ರವಣಬೆಳಗೊಳದ ಶಾಸನಗಳನ್ನು ಬಲ್ಲ ಕನ್ನಡಿಗ ಶ್ರಾವಕರಿಗೆ ದೇಶೀಗಣವೆಂಬ ಮಾತು ಎಷ್ಟು ಪರಿಚಿತವೆಂದು ಹೇಳಬೇಕಾಗಿಲ್ಲ. ಪಕ್ಕದ ಬಾರಭುಜಿ ಗುಹೆಯಲ್ಲಿ ತೀರ್ಥಂಕರರ ಸಾಲು, ಅವರ ಕೆಳಗೆ ಶಾಸನದೇವಿಯರು, ಹನ್ನೆರಡು ಭುಜಗಳ ಚಕ್ರೇಶ್ವರಿ. ಈ ಒಂದು ಗುಹೆಯನ್ನು ಅವಸರವಿಲ್ಲದೆ ನೋಡತಕ್ಕದ್ದು.

ಕರ್ನಾಟಕಕ್ಕೂ ಒಡಿಶಾಕ್ಕೂ ಬೇರೊಂದು ನಂಟನ್ನು ತಾಮ್ರಶಾಸನಗಳು ಹೇಳುತ್ತವೆ. ಪುರಿಯ ಇಂದಿನ ಜಗನ್ನಾಥ ದೇವಾಲಯವನ್ನು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸತೊಡಗಿದ ಅನಂತವರ್ಮ ಚೋಡಗಂಗನು ತನ್ನ ಪೂರ್ವಜರು ಗಂಗವಾಡಿಯ ಕೋಲಾಹಲಪುರದಿಂದ ಬಂದವರೆಂದು ಹೇಳಿಕೊಂಡಿದ್ದಾನೆ. ಕೋಣಾರ್ಕದ ಸೂರ್ಯದೇವಾಲಯವನ್ನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ನರಸಿಂಹದೇವನೂ ಅದೇ ವಂಶದವನು. ಜಗನ್ನಾಥ, ಬಲಭದ್ರ, ಸುಭದ್ರೆಯರ ಮೂರು ವಿಗ್ರಹಗಳಲ್ಲಿ ರತ್ನತ್ರಯದ ಛಾಯೆಯಿದೆಯೆಂದು ಕೆಲವು ಲೇಖಕರು ವಾದಿಸಿರುವರು. ಕೇಳಲು ಹಿತವಾದರೂ ಶಾಸನದ ಆಧಾರವಿಲ್ಲದ ಮಾತನ್ನು ಜಮೆಗೆ ಹಿಡಿಯದಿರುವುದೇ ಲೇಸು. ಕಲ್ಲಿನಲ್ಲಿ ಬರೆದಿರುವುದೇ ನಮಗೆ ಬೇಕಾದಷ್ಟಿದೆ. ಧೌಳಿಯ ಬಂಡೆಯ ಮೇಲಿನ ಅಶೋಕನ ಶಾಸನಗಳನ್ನೂ, ಕಟಕದಲ್ಲಿ ಕಾರ್ತಿಕ ಪೂರ್ಣಿಮೆಯಂದು ಆರಂಭವಾಗುವ ಬಾಲಿಯಾತ್ರೆಯನ್ನೂ ಅನುಕೂಲವಿದ್ದವರು ನೋಡಬಹುದು. ಹಡಗೇರಿ ದ್ವೀಪಾಂತರಗಳಿಗೆ ಹೋಗುತ್ತಿದ್ದ ಕಲಿಂಗದ ವರ್ತಕರ ನೆನಪನ್ನು ಆ ಜಾತ್ರೆ ಉಳಿಸಿಕೊಂಡಿದೆ.

ಇಂದು ಒಡಿಶಾದಲ್ಲಿ ಜೈನರ ಸಂಖ್ಯೆ ಬಹಳ ಕಡಿಮೆ. ಕೋರಾಪುಟ್ ಮುಂತಾದ ಕಡೆಗಳಲ್ಲಿ ದೊರೆತ ತೀರ್ಥಂಕರರ ಬಿಂಬಗಳು ಕೆಲವೆಡೆ ಬೇರೆ ದೇವರ ಹೆಸರಿನಲ್ಲಿ ಪೂಜೆಗೊಳ್ಳುತ್ತಿವೆ. ಸರಾಕ್ ಎಂಬ ನೇಕಾರ ಜನಾಂಗದ ಹೆಸರು ಶ್ರಾವಕ ಶಬ್ದದಿಂದಲೇ ಬಂದುದೆಂದು ತಿಳಿದವರು ಹೇಳುತ್ತಾರೆ. ಖಂಡಗಿರಿಯ ನೆತ್ತಿಯ ಮೇಲೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟಕದ ದಿಗಂಬರ ವರ್ತಕರಾದ ಮಂಜು ಚೌಧುರಿ ಮತ್ತು ಅವರ ಬಂಧು ಭವಾನಿ ದಾದು ಇವರು ವೃಷಭನಾಥರ ಮಂದಿರವನ್ನು ಕಟ್ಟಿಸಿದರು. ಅರಸರಿಲ್ಲದ ಕಾಲದಲ್ಲಿ ಆ ಹೊಣೆಯನ್ನು ಹೊತ್ತವರು ವರ್ತಕರು.

ಸಮ್ಮೇದ ಶಿಖರ್ಜಿಗೆ ಚೆನ್ನೈ, ಹೌರಾ ಮಾರ್ಗವಾಗಿ ಹೋಗುವ ಯಾತ್ರಿಕರಿಗೆ ಭುವನೇಶ್ವರ ದಾರಿಯಲ್ಲಿಯೇ ಸಿಗುತ್ತದೆ. ಒಂದು ದಿನ ಅಲ್ಲಿ ಇಳಿಯಬಹುದು. ಗುಡ್ಡದಲ್ಲಿ ಕೋತಿಗಳ ಕಾಟ ಹೆಚ್ಚು. ಹಣ್ಣುಕಾಯಿಯ ಚೀಲವನ್ನು ಭದ್ರವಾಗಿ ಹಿಡಿದುಕೊಳ್ಳಬೇಕು. ಮೊದಲು ಖಂಡಗಿರಿಯ ಮೆಟ್ಟಿಲು ಹತ್ತಿ ವೃಷಭನಾಥರ ದರ್ಶನ ಮಾಡಿ, ಅಲ್ಲಿಂದ ಇಳಿದು ಎದುರಿನ ಉದಯಗಿರಿಗೆ ಹೋದರೆ ಹಾಥಿಗುಂಫಾದ ಹಣೆಯ ಮೇಲೆ ಆ 17 ಸಾಲುಗಳನ್ನು ಕಾಣಬಹುದು.