ಮೆತಾನೊಯಾದಿಂದ ಮಾನಸಾಂತರಕ್ಕೆ

ಕನ್ನಡ ಬೈಬಲ್ ಓದುವವರಿಗೆ ‘ಮಾನಸಾಂತರ’ ಚೆನ್ನಾಗಿ ಗೊತ್ತಿರುವ ಪದ. ಚರ್ಚಿನ ಆವರಣ ದಾಟಿದರೆ ಅದು ಕಿವಿಗೆ ಬೀಳುವುದು ಅಪರೂಪ. ಕ್ರೈಸ್ತ ನಂಬಿಕೆಯಲ್ಲಿ ಮನುಷ್ಯ ಒಳಗಿನಿಂದ ಬೇರೆಯಾಗುವುದಕ್ಕೆ ಹೊಸ ಒಡಂಬಡಿಕೆ ಕೊಡುವ ಮುಖ್ಯ ಗ್ರೀಕ್ ಹೆಸರು ‘ಮೆತಾನೊಯಾ’. ಮಾನಸಾಂತರ ಅದರ ಕನ್ನಡ ರೂಪ. ಗ್ರೀಕಿನ ‘ಮೆತಾ’ಕ್ಕೆ ಆಮೇಲೆ ಎಂಬ ಅರ್ಥವೂ ಉಂಟು, ಬದಲಾವಣೆಯ ಛಾಯೆಯೂ ಉಂಟು; ‘ನೂಸ್’ ಎಂದರೆ ಮನಸ್ಸು, ಬುದ್ಧಿ. ಹಾಗಾಗಿ ತಡವಾಗಿ ಬಂದ ಬುದ್ಧಿ, ಬದಲಾದ ಬುದ್ಧಿ ಎರಡನ್ನೂ ಈ ಒಂದೇ ಪದ ಹೇಳುತ್ತದೆ.

ಇದು ಹುಟ್ಟಿನಿಂದ ಧರ್ಮದ ಪದವೇನೂ ಆಗಿರಲಿಲ್ಲ. ಅಥೆನ್ಸಿನ ವಿರುದ್ಧ ದಂಗೆಯೆದ್ದಿದ್ದ ಲೆಸ್ಬೋಸ್ ದ್ವೀಪದ ಮಿತಿಲೀನಿ ನಗರ ಕ್ರಿ.ಪೂ. 427ರಲ್ಲಿ ಸೋತಿತು. ಅಲ್ಲಿನ ವಯಸ್ಕ ಗಂಡಸರನ್ನೆಲ್ಲ ಕೊಂದು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾಡಬೇಕೆಂದು ಅಥೆನ್ಸಿನ ಸಭೆ ಸಿಟ್ಟಿನಲ್ಲಿ ತೀರ್ಮಾನಿಸಿತು. ಆಜ್ಞೆ ಹೊತ್ತ ಹಡಗು ಹೊರಟೂ ಹೋಯಿತು. ಮರುದಿನವೇ ಜನರ ಮನಸ್ಸು ಕಲಕಿತು. ಆ ಕಲಕಾಟಕ್ಕೆ ಇತಿಹಾಸಕಾರ ಥ್ಯುಸಿಡಿಡೀಸ್ ಬಳಸಿರುವ ಪದ ಮೆತಾನೊಯಾ. ಸಭೆ ಮತ್ತೆ ಸೇರಿತು. ಕೈಯೆತ್ತಿದಾಗ ಎರಡು ಪಕ್ಷಗಳೂ ಹೆಚ್ಚುಕಡಿಮೆ ಸರಿಸಮ. ಬದುಕಿಸಬೇಕೆಂದವರು ಸ್ವಲ್ಪದರಲ್ಲಿ ಗೆದ್ದರು. ಎರಡನೆಯ ಹಡಗು ಮೊದಲನೆಯದರ ಬೆನ್ನಟ್ಟಿತು. ನಾವಿಕರು ಹುಟ್ಟು ಹಾಕುತ್ತಲೇ ದ್ರಾಕ್ಷಾರಸ, ಎಣ್ಣೆಗಳಲ್ಲಿ ಕಲಸಿದ ಬಾರ್ಲಿ ಹಿಟ್ಟನ್ನು ತಿಂದರು, ಸರದಿಯ ಮೇಲೆ ಮಲಗಿದರು. ಸೇನಾಪತಿ ಮೊದಲ ಆಜ್ಞೆಯನ್ನು ಓದಿ ಮುಗಿಸಿ, ಅದನ್ನು ಜಾರಿಗೊಳಿಸಲು ಸಿದ್ಧನಾಗಿದ್ದ ಹೊತ್ತಿಗೆ ಈ ಹಡಗು ದಡ ಮುಟ್ಟಿತು. ದಂಗೆಯ ಮುಂದಾಳುಗಳ ತಲೆ ಉಳಿಯಲಿಲ್ಲ, ಊರು ಉಳಿಯಿತು. ಅಥೆನ್ಸಿನವರು ಮನೆಯಲ್ಲೇ ಕೂತು ಮರುಗಿದ್ದರೆ ಊರೂ ಉಳಿಯುತ್ತಿರಲಿಲ್ಲ.

ಯೆಹೂದ್ಯರ ಧರ್ಮಗ್ರಂಥದಲ್ಲಿ ಇದೇ ಸಂಗತಿಗೆ ಬೇರೊಂದು ಪದವಿತ್ತು. ಹೀಬ್ರೂ ಪ್ರವಾದಿಗಳು ಹೆಚ್ಚಾಗಿ ಬಳಸುವ ‘ಶೂಬ್’ ಎಂಬ ಧಾತುವಿಗೆ ತಿರುಗು, ಹಿಂದಿರುಗು ಎಂದರ್ಥ. ತಪ್ಪುದಾರಿ ಹಿಡಿದವನು ಬಂದ ದಾರಿಯಲ್ಲೇ ಮರಳುವುದು ಎಂಬಷ್ಟು ನೇರವಾದ, ಕಾಲಿಗೆ ಸಂಬಂಧಿಸಿದ ಮಾತು ಅದು. ಅರಾಮಿಕ್, ಸಿರಿಯಾಕ್, ಅರಬ್ಬಿ ಭಾಷೆಗಳಲ್ಲೂ ಇದೇ ಅರ್ಥದ ಬಳಗದ ಪದಗಳಿವೆ. ಮುಸ್ಲಿಮರ ‘ತೌಬಾ’ ಆ ಬಳಗದ್ದೇ. ಯೇಸು ಗಲಿಲಾಯದಲ್ಲಿ ಆಡುತ್ತಿದ್ದದ್ದು ಅರಾಮಿಕ್. ಸುವಾರ್ತೆಗಳನ್ನು ಬರೆದಿಟ್ಟದ್ದು ಗ್ರೀಕಿನಲ್ಲಿ. ಹೀಗೆ ಮನಸ್ಸಿನ ಪದದೊಳಗೆ ಕಾಲಿನ ಪದದ ಅರ್ಥವೂ ಸೇರಿಕೊಂಡಿತು.

ಈ ಸೇರಿಕೆ ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೆತಾನೊಯಾಕ್ಕೆ ತಕ್ಕ ಫಲ ಕೊಡಬೇಕೆಂದು ಸ್ನಾನಿಕ ಯೋಹಾನ ಗದರಿಸಿದಾಗ, ಹಾಗಾದರೆ ಏನು ಮಾಡಬೇಕು ಎಂದು ಜನ ಕೇಳುತ್ತಾರೆ. ಅಳಬೇಕು, ಉಪವಾಸವಿರಬೇಕು ಎಂಬ ಉತ್ತರ ಬರುವುದಿಲ್ಲ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ, ತೆರಿಗೆ ವಸೂಲಿಯವರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೀಳದಿರಲಿ, ಸಿಪಾಯಿಗಳು ಹೆದರಿಸಿ ಹಣ ಸುಲಿಯದೆ ಬರುವ ಸಂಬಳದಲ್ಲಿ ತೃಪ್ತರಾಗಲಿ ಎಂದು ಯೋಹಾನ ಹೇಳುತ್ತಾನೆ. ಮರುಗುವುದಕ್ಕೂ ಮನಸ್ಸು ತಿರುಗುವುದಕ್ಕೂ ಇರುವ ವ್ಯತ್ಯಾಸವನ್ನು ಹೊಸ ಒಡಂಬಡಿಕೆ ಪದಗಳಲ್ಲೂ ಕಾಯ್ದುಕೊಂಡಿದೆ. ಯೇಸುವನ್ನು ಹಿಡಿದುಕೊಟ್ಟ ಯೂದ ಆಮೇಲೆ ನೊಂದು, ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದ್ದನ್ನು ಹೇಳುವಾಗ ಮತ್ತಾಯ ಮೆತಾನೊಯಾದ ಕ್ರಿಯಾಪದವನ್ನು ಬಿಟ್ಟು, ಮರುಕವನ್ನಷ್ಟೇ ಸೂಚಿಸುವ ಬೇರೆ ಕ್ರಿಯಾಪದವನ್ನು ಆರಿಸುತ್ತಾನೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲನೂ ದುಃಖವನ್ನು ಒಂದು ಕಡೆ, ದುಃಖದಿಂದ ಹುಟ್ಟಬಹುದಾದ ಮೆತಾನೊಯಾವನ್ನು ಇನ್ನೊಂದು ಕಡೆ ಇಡುತ್ತಾನೆ.

ಯೋಹಾನನ ಸುವಾರ್ತೆಯಲ್ಲಿ ಈ ಪದ ಒಮ್ಮೆಯೂ ಬರುವುದಿಲ್ಲ. ಅಲ್ಲಿ ರಾತ್ರಿ ಹೊತ್ತು ಯೇಸುವನ್ನು ಕಾಣಲು ಬಂದ ನಿಕೊದೇಮನ ಎದುರು ಹೊಸ ಹುಟ್ಟಿನ ಮಾತು ಬರುತ್ತದೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲ ರೂಪಾಂತರದ ಪದವನ್ನು ಬಳಸಿ, ಮನಸ್ಸು ಹೊಸತಾಗುವುದರಿಂದ ಅದು ಆಗಬೇಕು ಎನ್ನುತ್ತಾನೆ. ಹುಟ್ಟು ದೇವರ ಕೆಲಸ, ತಿರುಗುವುದು ಮನುಷ್ಯನ ಕೆಲಸ, ರೂಪಾಂತರ ಬದುಕಿನುದ್ದದ ಕೆಲಸ ಎಂದು ಸ್ಥೂಲವಾಗಿ ಹೇಳಬಹುದಾದರೂ, ತಿರುಗುವ ಶಕ್ತಿಯೇ ದೇವರ ಕೃಪೆಯಿಂದ ಬರುತ್ತದೆಂಬುದು ಹೆಚ್ಚಿನ ಸಭೆಗಳ ಬೋಧನೆ.

ಲ್ಯಾಟಿನ್‌ಗೆ ಹೋದಾಗ ಪದದ ಹಣೆಬರಹ ಬದಲಾಯಿತು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರೋಮ್ ಪರಿಷ್ಕರಿಸಿದ ಸುವಾರ್ತೆಗಳಲ್ಲಿ ಯೇಸುವಿನ ಕರೆ ‘ಪೆನಿಟೆನ್ಶಿಯಾ (ಪಶ್ಚಾತ್ತಾಪ, ಪ್ರಾಯಶ್ಚಿತ್ತ) ಮಾಡಿರಿ’ ಎಂಬ ರೂಪದಲ್ಲಿದೆ. ‘ಮಾಡಿರಿ’ ಎಂದ ಮೇಲೆ ಮಾಡಲು ಏನಾದರೂ ಬೇಕಲ್ಲ! ಪಾಪನಿವೇದನೆ, ಗುರು ವಿಧಿಸುವ ಪ್ರಾಯಶ್ಚಿತ್ತ, ಪಾಪವಿಮೋಚನೆ ಇವುಗಳ ವ್ಯವಸ್ಥೆ ಶತಮಾನಗಳಲ್ಲಿ ಬೆಳೆದು ಆ ಪದದ ಸುತ್ತ ನೆಲೆಯೂರಿತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಪ್ರತಿಯೊಬ್ಬ ವಿಶ್ವಾಸಿಯೂ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ಕಡ್ಡಾಯಗೊಳಿಸಿತು. ಗ್ರೀಕ್ ಬಲ್ಲ ಲೊರೆಂಜೊ ವಲ್ಲಾ ಹದಿನೈದನೆಯ ಶತಮಾನದಲ್ಲಿ ಈ ಅನುವಾದವನ್ನು ಪ್ರಶ್ನಿಸಿದ. 1516ರಲ್ಲಿ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ತನ್ನದೇ ಲ್ಯಾಟಿನ್ ಅನುವಾದದೊಡನೆ ಅಚ್ಚುಹಾಕಿಸಿದಾಗ ಪ್ರಶ್ನೆ ವಿದ್ವಾಂಸರೆಲ್ಲರ ಮೇಜಿಗೆ ಬಂತು. ಮರುವರ್ಷ ಮಾರ್ಟಿನ್ ಲೂಥರ್ ಮಂಡಿಸಿದ 95 ವಾದಗಳಲ್ಲಿ ಮೊದಲನೆಯದೇ ಈ ಕರೆಯ ಬಗ್ಗೆ: ಅದು ಇಡೀ ಬದುಕಿಗೆ ಸಂಬಂಧಿಸಿದ್ದೆಂದು ಲೂಥರ್ ವಾದಿಸಿದ. ಒಂದು ಕಾಲದಲ್ಲಿ ತನಗೆ ಕಹಿಯಾಗಿದ್ದ ಪದ ಗ್ರೀಕ್ ಅರ್ಥ ತಿಳಿದ ಮೇಲೆ ಸಿಹಿಯಾಯಿತೆಂದು 1518ರಲ್ಲಿ ತನ್ನ ಸಂನ್ಯಾಸಿ ಸಂಘದ ಹಿರಿಯ ಸ್ಟೌಪಿಟ್ಸ್‌ಗೆ ಬರೆದ. ತಮಾಷೆಯೆಂದರೆ, ಲೂಥರನ ಜರ್ಮನ್ ಬೈಬಲಿನಲ್ಲಿ ಕೊನೆಗೆ ನೆಲೆನಿಂತದ್ದು ‘ಬೂಸೆ’ ಎಂಬ ಪದ. ದಂಡ, ಪರಿಹಾರ ಎಂಬ ಹಳೆಯ ಅರ್ಥ ಅದಕ್ಕಿನ್ನೂ ಅಂಟಿಕೊಂಡಿದೆ. ಜರ್ಮನಿಯಲ್ಲಿ ಸಂಚಾರ ನಿಯಮ ಮುರಿದವರು ಇಂದಿಗೂ ಕಟ್ಟುವುದು ‘ಬೂಸ್‌ಗೆಲ್ಟ್’.

ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ಪದ ದೇಹಕ್ಕಿಳಿಯಿತು. ಪ್ರಾರ್ಥನೆಯ ನಡುವೆ ಬಾಗಿ ಅಥವಾ ಹಣೆ ನೆಲಕ್ಕೆ ತಾಗಿಸಿ ಮಾಡುವ ನಮಸ್ಕಾರಕ್ಕೆ ಅಲ್ಲಿ ‘ಮೆತಾನಿಯಾ’ ಎನ್ನುತ್ತಾರೆ. ಆರನೆಯ ಶತಮಾನದಲ್ಲಿ ಬೈಜಾಂಟಿಯಂ ಸಾಮ್ರಾಜ್ಞಿ ಥಿಯೊಡೋರಾ ವೇಶ್ಯಾವೃತ್ತಿಯಿಂದ ಬಿಡಿಸಿದ ಹೆಂಗಸರಿಗಾಗಿ ಕಟ್ಟಿಸಿದ ಮಠದ ಹೆಸರೂ ಮೆತಾನೊಯಾ. ಇತಿಹಾಸಕಾರ ಪ್ರೊಕೊಪಿಯಸ್ ಒಂದು ಕೃತಿಯಲ್ಲಿ ಈ ಕೆಲಸವನ್ನು ಕೊಂಡಾಡಿ, ಇನ್ನೊಂದರಲ್ಲಿ, ಬೇಡದ ಬದಲಾವಣೆ ತಾಳಲಾರದೆ ಕೆಲವರು ರಾತ್ರಿ ಎತ್ತರದಿಂದ ಧುಮುಕಿದರೆಂದು ಬರೆದಿದ್ದಾನೆ. ಎರಡನೆಯದರಲ್ಲಿ ದ್ವೇಷದ ಉತ್ಪ್ರೇಕ್ಷೆ ಇರಬಹುದು. ಆದರೂ ಒಳಗಿನ ತಿರುವನ್ನು ಅರಮನೆಯ ಅಪ್ಪಣೆಯಿಂದ ಮಾಡಿಸಹೊರಟರೆ ಏನಾಗಬಹುದೆಂಬ ಅರಿವು ಆ ಕಾಲಕ್ಕೇ ಇತ್ತು.

ಕನ್ನಡಕ್ಕೆ ಬೈಬಲ್ ತಂದವರ ಮುಂದೆ ಮೂರು ದಾರಿಗಳಿದ್ದವು. ‘ಮಾನಸಾಂತರ’ ಭಾಷಾಂತರ, ರೂಪಾಂತರಗಳ ಸಾಲಿನ ಸಮಾಸ: ಬೇರೆಯಾದ ಮನಸ್ಸು. ಗ್ರೀಕಿಗೆ ಇಷ್ಟು ಹತ್ತಿರದ ಪದ ಅನೇಕ ಭಾಷೆಗಳಿಗೆ ಸಿಕ್ಕಿಲ್ಲ. ಆದರೆ ಉಚ್ಚಾರದಲ್ಲಿ ಪಕ್ಕದಲ್ಲೇ ಇರುವ ‘ಮತಾಂತರ’ ಅದರ ಮೇಲೆ ನೆರಳು ಚೆಲ್ಲುತ್ತದೆ. ಮತಾಂತರ ಹೊರಗಿನವರ ಕಣ್ಣಿಗೂ ಬೀಳುವ ಬದಲಾವಣೆ. ಹುಟ್ಟಾ ಕ್ರೈಸ್ತನಿಗೂ ಮಾನಸಾಂತರ ಬೇಕೆಂಬುದು ಎಲ್ಲ ಸಭೆಗಳ ಮಾತು. ‘ಪಶ್ಚಾತ್ತಾಪ’ ಎಲ್ಲರಿಗೂ ಅರ್ಥವಾಗುತ್ತದೆ. ‘ಆಮೇಲೆ’ ಎಂಬ ಅಂಶವೂ ಅದರಲ್ಲಿದೆ. ಆದರೆ ಬುದ್ಧಿಯ ಜಾಗದಲ್ಲಿ ತಾಪ ಕೂತಿದೆ. ಇನ್ನು ‘ದೇವರ ಕಡೆಗೆ ತಿರುಗಿಕೊಳ್ಳುವುದು’. ಮಾರ್ಕನ ಸುವಾರ್ತೆಯ ಆರಂಭದ ಕರೆಯಲ್ಲಿ ‘ದೇವರ ಕಡೆಗೆ’ ಎಂಬುದು ಗ್ರೀಕ್ ಮೂಲದಲ್ಲಿಲ್ಲ, ಅನುವಾದಕರು ಸೇರಿಸಿದ್ದು. ಆ ಸೇರ್ಪಡೆಯಿಂದ ಕನ್ನಡ ಗ್ರೀಕನ್ನು ದಾಟಿ ಹೀಬ್ರೂವಿನ ‘ಶೂಬ್’ ಅನ್ನು ಮುಟ್ಟಿದೆ. ಮೂರರಲ್ಲಿ ಸಾಮಾನ್ಯ ಓದುಗನಿಗೆ ಅರ್ಥವನ್ನು ಪೂರ್ತಿಯಾಗಿ ಮುಟ್ಟಿಸುವುದು ಇದೇ. ಮಾನಸಾಂತರ ಬೋಧನೆಯ ಪಾರಿಭಾಷಿಕ ಪದವಾಗಿ ಉಳಿಯಲಿ. ಪಶ್ಚಾತ್ತಾಪ ಎಂಬುದನ್ನು ಯೂದನಿಗಾದಂಥ ನೋವಿನ ಪ್ರಸಂಗಗಳಿಗೆ ಮಾತ್ರ ಬಳಸುವುದು ಒಳ್ಳೆಯದು.